ಪೆನ್ನನ್ನು ತಾವೇ ತರತಕ್ಕದ್ದು

ಹೋದ ವಾರ ಬಾಗಿಲ ಕೆಳಗಿನಿಂದ ಒಂದು ಕಾಗದ ಒಳಗೆ ಜಾರಿ ಬಂತು. ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಒಂದು ಸ್ಥಾನ ಖಾಲಿಯಿದೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿಂಗ್‌ನಲ್ಲಿ ಮತದಾನ, ಮತಪತ್ರ ಅಲ್ಲೇ ಕೊಡಲಾಗುವುದು ಎಂದೆಲ್ಲ ಬರೆದು, ಕೊನೆಯಲ್ಲಿ ದಪ್ಪ ಅಕ್ಷರದ ಒಂದು ಸಾಲು: ಪೆನ್ನನ್ನು ತಾವೇ ತರತಕ್ಕದ್ದು. ಚೆಂಬೂರಿನ ಈ ಬಿಲ್ಡಿಂಗಿನಲ್ಲಿ ಹದಿನೆಂಟು ಮನೆಗಳಿವೆ. ಹದಿನೆಂಟು ಮನೆಯವರು ಸೇರಿ ಮೂರು ಕ್ಯಾಮೆರಾ, ಒಬ್ಬ ವಾಚ್‌ಮನ್, ಸದಾ ಕೆಟ್ಟಿರುವ ಒಂದು ಲಿಫ್ಟು, ಇಷ್ಟನ್ನು ಸಾಕುತ್ತಿದ್ದೇವೆ. ಒಂದು ಪೆನ್ನು ಸಾಕುವುದು ಮಾತ್ರ ನಮ್ಮ ಕೈಲಾಗಲಿಲ್ಲ.

ನೀವಾಗಿದ್ದರೆ ಆ ಸಾಲು ಓದಿ ಜೇಬು ಮುಟ್ಟಿ ನೋಡಿಕೊಂಡು ಸುಮ್ಮನಾಗುತ್ತಿದ್ದಿರಿ. ನಾನು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟೆ. ಈ ಮನೆಯಲ್ಲಿ ಅಂಥ ಸಾಲನ್ನು ಓದಿ ಹಬ್ಬದ ಹಾಗೆ ಸಂಭ್ರಮಿಸುತ್ತಿದ್ದವಳು ಒಬ್ಬಳೇ, ನನ್ನ ಹೆಂಡತಿ. ಅವಳು ತೀರಿಕೊಂಡು ಎಂಟು ತಿಂಗಳಾಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ಕಾಗದಪತ್ರದಲ್ಲಿ ಅವಳ ಹೆಸರು ಮೊದಲು, ನನ್ನದು ಎರಡನೆಯದು. ನಮ್ಮ ಸೊಸೈಟಿಯಲ್ಲಿ ಮನೆಗೆ ಒಂದೇ ಓಟು, ಅದು ಮೊದಲ ಹೆಸರಿನವರದು. ಅವಳು ಹೋದ ಮೇಲೆ ಹೆಸರು ತೆಗೆಸುವ ಅರ್ಜಿಯನ್ನು ಮೂರನೇ ಮಹಡಿಯ ಜೋಶಿಯವರು ನನ್ನ ಕೈಗಿಟ್ಟರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಚುನಾವಣೆ, ಸದಸ್ಯರ ಪಟ್ಟಿ ಎಲ್ಲ ಅವರ ಸುಪರ್ದಿ. ಅರ್ಜಿ ಕೊಟ್ಟರೆ ಅವಳ ಹೆಸರು ಪಟ್ಟಿಯಿಂದ ಹೋಗುತ್ತದೆ, ನನ್ನದು ಮೇಲೆ ಬರುತ್ತದೆ. ನನಗೆ ಅಂಥ ಬಡ್ತಿ ಬೇಕಿರಲಿಲ್ಲ. ಕನ್ನಡಕ ಸಿಗಲಿಲ್ಲ, ಜೆರಾಕ್ಸ್ ಅಂಗಡಿ ಮುಚ್ಚಿತ್ತು, ಮಂಗಳವಾರ ಬೇಡ, ಅಮಾವಾಸ್ಯೆ ಹತ್ತಿರವಿದೆ ಎನ್ನುತ್ತ ಎಂಟು ತಿಂಗಳು ತಳ್ಳಿದೆ. ಸುಳ್ಳು ಹೇಳುವುದರಲ್ಲಿ ನನಗೆ ಇಷ್ಟು ಪ್ರತಿಭೆಯಿದೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ, ಪಾಪ.

ಅವಳು ಕುರ್ಲಾದ ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದಳು. ಊರಿನ ಎಲ್ಲ ಚುನಾವಣೆಗಳಿಗೂ ಡ್ಯೂಟಿ ಬೀಳುತ್ತಿತ್ತು. ಬೇರೆ ಟೀಚರುಗಳು ಡ್ಯೂಟಿ ತಪ್ಪಿಸಲು ಡಾಕ್ಟರ ಸರ್ಟಿಫಿಕೇಟು ತಂದರೆ, ಇವಳು ಹಿಂದಿನ ದಿನವೇ ಬುತ್ತಿ ಕಟ್ಟಿಕೊಳ್ಳುವವಳು. ಮತಪತ್ರದ ಕಾಲದಲ್ಲಿ ಕೆಲಸ ಕಲಿತವಳು. ಯಂತ್ರ ಬಂದ ಮೇಲೆ ಅವಳಿಗೆ ಸ್ವಲ್ಪ ಬೇಸರವೇ ಆಯಿತು. "ಗುಂಡಿ ಒತ್ತಿದ್ರ ಪೀಂ ಅಂತೈತಿ. ಅದೇನ್ ಓಟೋ, ಅಂಬುಲೆನ್ಸೋ" ಎನ್ನುತ್ತಿದ್ದಳು. ಹಾಗಾಗಿ ಅವಳ ಪಾಲಿಗೆ ಜಗತ್ತಿನಲ್ಲಿ ಉಳಿದಿದ್ದ ಮತಪತ್ರ ಒಂದೇ: ನಮ್ಮ ಸೊಸೈಟಿಯದು. ಹದಿನೆಂಟು ಓಟಿನ, ಫಲಿತಾಂಶ ಎಂಟು ದಿನ ಮೊದಲೇ ಲಿಫ್ಟಿನ ಮುಂದೆ ತೀರ್ಮಾನವಾಗುತ್ತಿದ್ದ ಆ ಚುನಾವಣೆಗೆ ಅವಳು ನಡೆಸುತ್ತಿದ್ದ ತಯಾರಿ ಕಂಡಿದ್ದರೆ ದಿಲ್ಲಿಯವರು ನಾಚಿಕೊಳ್ಳುತ್ತಿದ್ದರು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿದ್ದ ಪೆನ್ನುಗಳೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗುತ್ತಿದ್ದವು. ಪೆನ್ಸಿಲು ಮೊದಲ ಸುತ್ತಿನಲ್ಲೇ ಸೋಲುತ್ತಿತ್ತು, ರಬ್ಬರಿನವರು ಎಲ್ಲ ಕಡೆ ಇರುತ್ತಾರಂತೆ. ಜೆಲ್ ಪೆನ್ನು ಮಳೆಗಾಲದ ಕಾಗದದ ಮೇಲೆ ಹರಡುತ್ತದೆ. ಶಾಯಿ ಪೆನ್ನು ಒಣಗುವುದರೊಳಗೆ ಕಾಗದ ಮಡಚಿದರೆ ಗುರುತು ಎದುರಿನ ಹೆಸರಿಗೂ ಅಂಟುತ್ತದೆ. ಬಾಲ್‌ಪೆನ್ನು ಸರಿ, ಆದರೆ ಅದರಲ್ಲೂ ಮೊಂಡುಮೂತಿಯದು ಬೇಕು. ಚೂಪಾದದ್ದು ಕೆಳಗಿನ ಕಾಗದದ ಮೇಲೂ ಗೀರು ಉಳಿಸುತ್ತದೆ, ನಿಮ್ಮ ಓಟನ್ನು ನಿಮ್ಮ ಹಿಂದಿನವನು ಓದುತ್ತಾನೆ. ಹಳೆಯ ನೋಟುಬುಕ್ಕಿನ ಹಾಳೆ ಹರಿದು, ಚೌಕ ಬರೆದು, ಗುರುತು ಹಾಕಿ, ಮಡಚಿ, ಅದರ ಮೇಲೆ ಐದು ನಿಮಿಷ ಕೂತು, ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕಾಂದಿವಲಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಜೀವಮಾನವಿಡೀ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಓಡಾಡಿದ, ಹತ್ತನೇ ಕ್ಲಾಸಿನ ನನಗೆ ಇದನ್ನೆಲ್ಲ ನೋಡಿ ನಗು ಬರುತ್ತಿತ್ತು. ನಗುವುದು ಮಾತ್ರ ಅವಳು ಅಡುಗೆಮನೆಗೆ ಹೋದ ಮೇಲೆ.

ಒಂದು ಸಲ ಅವಳಿಗೆ ಆ ಭಾನುವಾರವೇ ಡ್ಯೂಟಿಯ ತರಬೇತಿ ಬಿತ್ತು. ತನ್ನ ಬದಲಿಗೆ ನಾನು ಓಟು ಹಾಕಬಹುದು ಎಂದು ಚೀಟಿ ಬರೆದುಕೊಟ್ಟು ನನ್ನನ್ನು ಕಳಿಸಿದಳು. ಅವಳು ಆರಿಸಿಟ್ಟ ಪೆನ್ನನ್ನು ನಾನು ಟಿವಿಯ ಮೇಲೆ ಮರೆತೆ. ಜೇಬಿನಲ್ಲಿದ್ದದ್ದು ಖೋಕಾಗಳ, ಅಂದರೆ ರಟ್ಟಿನ ಪೆಟ್ಟಿಗೆಗಳ ಮೇಲೆ ಮಾಲಿನ ನಂಬರು ಬರೆಯುವ ಕಪ್ಪು ಮಾರ್ಕರು. ಅದರಿಂದಲೇ ಒಂದು ಭರ್ಜರಿ ಗುರುತು ಹಾಕಿ, ಅಡ್ಡಕ್ಕೆ ಮಡಚಿ, ಡಬ್ಬಿಗೆ ಹಾಕಿ ಬಂದೆ. ಎಣಿಸುವಾಗ ಬಿಚ್ಚಿದರೆ ಚುನಾವಣೆಗೆ ನಿಂತಿದ್ದ ಶೆಟ್ಟರಿಗೂ ಅವರ ಎದುರಾಳಿಗೂ ಸಮಾನ ಗೌರವ ಸಂದಿತ್ತು. ಓಟು ರದ್ದಾಯಿತು.

"ಖೋಕಾದ ಮ್ಯಾಲೆ ಬರಿಯೂ ಪೆನ್ನಿಲೆ ಯಾರರ ಓಟ್ ಹಾಕ್ತಾರೇನ್ರಿ?"

"ಶೆಟ್ರು ಗೆದ್ದಾರಲ್ಲ, ಬಿಡು. ನಮ್ಮ ಓಟಿಲ್ಲದನೂ ಗೆದ್ದಾರ."

"ಅವ್ರು ಗೆಲ್ಲಲಿ, ಸೋಲಲಿ. ಹಾಳಾಗಿದ್ದು ನನ್ನ ಓಟು."

ಮರುದಿನ ಶಾಲೆಯಿಂದ ಬಂದವಳು ಇಪ್ಪತ್ತು ಚೀಟಿ ಕತ್ತರಿಸಿ ನನ್ನ ಮುಂದಿಟ್ಟಳು. ಗುರುತು ಹಾಕಬೇಕು, ಉದ್ದಕ್ಕೆ ಮಡಚಬೇಕು, ಮತ್ತೆ ಬಿಚ್ಚಿ ತೋರಿಸಬೇಕು. ಮೂರನೇ ಕ್ಲಾಸಿನ ಮಕ್ಕಳ ಜೊತೆ ನಾನೂ ಆ ವರ್ಷ ಪಾಸಾದೆ.

ಇಷ್ಟೆಲ್ಲ ಮಾಡಿಯೂ ಅವಳು ಓಟು ಯಾರಿಗೆ ಹಾಕುತ್ತಾಳೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಚೀಟಿ ಕೊಟ್ಟು ಕಳಿಸಿದ ಆ ದಿನವೂ "ನಿಮಗ ಬೇಕಾದವರಿಗೆ ಹಾಕ್ರಿ" ಎಂದಿದ್ದಳೇ ಹೊರತು ಹೆಸರು ಬಿಡಲಿಲ್ಲ. ಹೋದ ಸಲದ ಚುನಾವಣೆಯ ಹೊತ್ತಿಗೆ ಕಾಯಿಲೆ ಅವಳನ್ನು ಅರ್ಧ ಮಾಡಿತ್ತು. ಲಿಫ್ಟು ಎಂದಿನ ನಿಷ್ಠೆಯಿಂದ ಕೆಟ್ಟಿತ್ತು. ಎರಡು ಮಹಡಿಗಳ ಮೆಟ್ಟಿಲನ್ನು ಕೂತು ಕೂತು ಇಳಿದಳು. ನಾನು ತಡೆಯಲಾರದೆ, "ಯಾರಿಗೆ ಅಂತ ಹೇಳು, ನಾ ಹಾಕಿ ಬರ್ತೀನಿ" ಎಂದೆ. ಅವಳು ಕೂತಲ್ಲಿಂದಲೇ ತಲೆ ಎತ್ತಿ ನೋಡಿದಳು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದವರನ್ನು ಟೀಚರುಗಳು ಹಾಗೆ ನೋಡುತ್ತಾರೆ.

ಈ ಭಾನುವಾರ ನಾನು ನಾಲ್ಕು ಬಾಲ್‌ಪೆನ್ನು ಜೇಬಿಗೆ ಹಾಕಿಕೊಂಡು ಇಳಿದೆ. ಯಾಕೆ ಇಳಿದೆ ಎಂದು ನನ್ನನ್ನು ಕೇಳಬೇಡಿ. ಓಟಿಲ್ಲ ಎಂಬುದು ಗೊತ್ತಿತ್ತು. ಜೋಶಿಯವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಹನ್ನೊಂದನೆಯ ನಂಬರಿನ ಮುಂದೆ ಅವಳ ಹೆಸರು ಹಾಗೇ ಇತ್ತು. ಎಂಟು ತಿಂಗಳಲ್ಲಿ ಅವಳ ಬಟ್ಟೆ, ಔಷಧಿ, ಹಾಸಿಗೆ ಎಲ್ಲವನ್ನೂ ಯಾರು ಯಾರೋ ಬಂದು, ಕಣ್ಣೆದುರು ಇರಬಾರದು ಎಂದು ಬುದ್ಧಿ ಹೇಳಿ ಸಾಗಿಸಿದ್ದರು. ಈ ಒಂದು ಸಾಲಿನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ.

"ವಹಿನಿ ಕೇ ನಾಮ್ ಕೇ ಸಾಮ್ನೆ ಸಹೀ ಕರ್ ದೋ ಭಾವೂ. ಕೌನ್ ಪೂಛ್ತಾ ಹೈ?" ಎಂದರು ಜೋಶಿ, ದನಿ ತಗ್ಗಿಸಿ. ಅತ್ತಿಗೆಯ ಹೆಸರಿನ ಮುಂದೆ ನೀವೇ ಸಹಿ ಮಾಡಿ, ಯಾರು ಕೇಳುತ್ತಾರೆ ಎಂದು.

ಈ ಸಲವೂ ನಿಂತಿದ್ದ ಶೆಟ್ಟರು ಹಿಂದೆಯೇ ಇದ್ದರು. ಮೇಲಿನ ಮನೆಯವರು, ನನ್ನ ಹಳೆಯ ಸ್ನೇಹಿತರು, ಸ್ಟೇಷನ್ನಿನ ಹತ್ತಿರ ಹೋಟೆಲು. "ಸೈನ್ ಮಾಡಿ ಮಾರಾಯ್ರೆ. ಟೀಚರಕ್ಕನ ಓಟು ಯಾವತ್ತೂ ನನಗೇ ಅಲ್ವಾ? ಅವರಿದ್ದಿದ್ರೆ ಹಾಕ್ತಿರ್ಲಿಲ್ವಾ?"

ಎಷ್ಟು ಸುಲಭ ನೋಡಿ. ಒಂದು ಸಹಿ ಮಾಡಿದರೆ ಇನ್ನೊಂದು ಚುನಾವಣೆಯವರೆಗೆ ಅವಳು ಪಟ್ಟಿಯಲ್ಲಿ ಇರುತ್ತಿದ್ದಳು, ಓಟು ಹಾಕಿದವಳಾಗಿ ಇರುತ್ತಿದ್ದಳು. ಪೆನ್ನು ತೆರೆದೆ, ಕೈಯನ್ನು ಪಟ್ಟಿಯ ಮೇಲೆ ಇಟ್ಟೂಬಿಟ್ಟೆ. ಆದರೆ ಯಾರಿಗೆ ಹಾಕಲಿ? ಬದುಕಿದ್ದಾಗ ನನಗೂ ಹೇಳದಿದ್ದನ್ನು ಈಗ ಅವಳ ಬಾಯಿಂದ ಹೊರಡಿಸಲು ನಾನು ಯಾರು?

"ಜೋಶಿಸಾಬ್," ಎಂದೆ, "ಈ ಹೆಸರು ಹೊಡದ ಹಾಕ್ರಿ."

ಅವರಿಗೆ ಕನ್ನಡ ಬಾರದು. ಅರ್ಥವಾಯಿತು. ಹೊಡೆದು ಹಾಕಲು ಅವರ ಕೈ ಏಳಲಿಲ್ಲ. ನಾನೇ ಗೆರೆ ಎಳೆದೆ. ಆರಿಸಿದ ಪೆನ್ನೇನಲ್ಲ, ನಾಲ್ಕರಲ್ಲಿ ಕೈಗೆ ಸಿಕ್ಕ ಒಂದು. ಗೆರೆ ನೆಟ್ಟಗೆ ಬರಲಿಲ್ಲ.

ಹದಿನೇಳು ಓಟು ಬಿದ್ದವು. ಶೆಟ್ಟರಿಗೆ ಎಂಟು, ಅವರ ಎದುರಾಳಿಗೆ ಒಂಬತ್ತು. ಸಂಜೆ ಶೆಟ್ಟರು ಬಂದು ಕುರ್ಚಿಗೆ ಧೊಪ್ಪೆಂದು ಕೂತರು. "ಒಂಬತ್ತು-ಒಂಬತ್ತು ಆಗ್ತಿತ್ತು. ಚೀಟಿ ಎತ್ತಿದ್ರೆ ನಂದೇ ಬರ್ತಿತ್ತು. ಎಂತ ಹರಿಶ್ಚಂದ್ರನ ಸಂತಾನ ಮಾರಾಯ್ರೆ ನೀವು!" ನಾನು ಚಹಾ ಮಾಡಿ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ, ಅದಕ್ಕೂ ಬೈದರು. ಅರ್ಧ ಕುಡಿದ ಮೇಲೆ ಮೆಲ್ಲಗೆ ಕೇಳಿದರು:

"ಟೀಚರಕ್ಕ ನನಗೇ ಹಾಕ್ತಿದ್ರು ಅಲ್ವಾ?"

"ನನಗ ಗೊತ್ತಿಲ್ಲ, ಶೆಟ್ರ."

"ಮೂವತ್ತೊಂದು ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಿಲ್ವಾ?"

"ಇಲ್ಲ."

ಶೆಟ್ಟರು ಆಮೇಲೆ ಸಕ್ಕರೆಯಿಲ್ಲದ ಚಹಾವನ್ನು ಪೂರ್ತಿ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು.

ಅವರು ಹೋದ ಮೇಲೆ ಅರ್ಜಿ ತೆಗೆದು ಮೇಜಿನ ಮೇಲೆ ಹರಡಿಕೊಂಡೆ. ಗೆರೆ ಎಳೆದ ಮಾತ್ರಕ್ಕೆ ಮುಗಿಯುವುದಿಲ್ಲ, ಬರೆದೂ ಕೊಡಬೇಕು. ಮೊದಲ ಖಾನೆ, ಮೃತ ಸದಸ್ಯರ ಹೆಸರು. ಬರೆಯಹೊರಟಾಗ ಒಂದು ವಿಚಿತ್ರ ಹೊಳೆಯಿತು. ರೇಷನ್, ಗ್ಯಾಸು, ಕೊನೆಗೆ ನನ್ನ ನಿವೃತ್ತಿಯ ಕಾಗದವೂ ಸೇರಿ ಈ ಮನೆಯ ಅರ್ಜಿಗಳನ್ನೆಲ್ಲ ತುಂಬಿದವಳು ಅವಳು. ಅವಳು ಬೆರಳಿಟ್ಟ ಕಡೆ ನಾನು ಸಹಿ ಮಾಡಿದ್ದೇನೆ, ಅಷ್ಟೇ. ಇಷ್ಟು ವರ್ಷಗಳಲ್ಲಿ ಅವಳ ಹೆಸರನ್ನು ನನ್ನ ಕೈಯಿಂದ ಒಮ್ಮೆಯೂ ಬರೆದಿರಲಿಲ್ಲ.

ಸುಶೀಲಾ ಎಂದು ಬರೆದೆ. ನಿಧಾನವಾಗಿ ಬರೆದೆ, ತಪ್ಪಾಗಲಿಲ್ಲ.

ಮುಂದಿನ ಖಾನೆಯಲ್ಲಿ, ಅರ್ಜಿದಾರರು ಅವರಿಗೆ ಏನಾಗಬೇಕು ಎಂದು ಕೇಳಿದ್ದರು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಅದನ್ನೂ ಬರೆದೆ.