ಉಸಿರಿಗಾಗಿ ಹೊತ್ತ ತುಲಾಭಾರದ ಹರಕೆ

ಭಕ್ತ ಬಂಧುಗಳೇ, ನಾನು ತಾಯಲೂರಿನ ಕಡೆಯವನು, ನಾಗಸ್ವರ ಊದೋನು. ನಮ್ಮ ವೆಂಕಟರಮಣಸ್ವಾಮಿ ನನಗೆ ಮಾಡಿದ ಉಪಕಾರ ಹೇಳಿಕೊಳ್ಳದಿದ್ದರೆ ನನಗೆ ನಾಲಗೆ ಇದ್ದೂ ದಂಡ.

ಚಿತ್ರಭಾನು ಸಂವತ್ಸರದ ಮಾಘದಲ್ಲಿ ನಂಗಲಿಯಲ್ಲೊಂದು ಮದುವೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಡೋಲು ಮೊಳಗಿತು, ನನ್ನ ನಾಗಸ್ವರ ಮಾತ್ರ ಕೀ ಅಂದು ನಿಂತೇಹೋಯಿತು. ಮಾಂಗಲ್ಯ ಕಟ್ಟೋ ಹೊತ್ತಿಗೆ ವಾದ್ಯ ನಿಲ್ಲೋದೇ! ಹೆಣ್ಣಿನ ಅಜ್ಜಿ "ಅಯ್ಯೋ ದೇವುಡಾ" ಅಂತ ಎದೆ ಬಡಕೊಂಡಳು. ಆಮೇಲೆ ಯಾರೂ ನನಗೆ ವೀಳ್ಯ ಕೊಟ್ಟು ಮದುವೆಗೆ ಕರೆಯಲಿಲ್ಲ. ಮದುವೆಯೂಟ ಉಂಡೂ ಉಂಡೂ ಮೈ ಹಾಗೆ ಬೆಳೆದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. "ಉಸಿರು ಕೊಡಪ್ಪಾ, ನನ್ನ ತೂಕದಷ್ಟು ಬೆಲ್ಲ ಒಪ್ಪಿಸ್ತೀನಿ" ಅಂತ ಸ್ವಾಮಿಯ ಮುಂದೆ ಅತ್ತೆ.

ನನ್ನ ಹೆಂಡತಿ ಚೆಂಗಮ್ಮ ಕೋಲಾರದ ಆಸ್ಪತ್ರೆಗೆ ಹೊರಡಿಸಿದಳು. ಇದ್ದಿಲು ಉರಿಸಿ ಓಡೋ ಬಸ್ಸು ಏರಿನಲ್ಲಿ ನಿಂತಾಗ ಎಲ್ಲರೂ ಇಳಿದು ತಳ್ಳಿದರು. "ನೀವು ಇಳಿದಿದ್ದೇ ದೊಡ್ಡ ಸಹಾಯ ಸ್ವಾಮಿ" ಅಂತ ಕಂಡಕ್ಟರ್ ನನ್ನ ಮೈ ನೋಡಿ ನಕ್ಕ.

ಆಸ್ಪತ್ರೆಯ ಡಾಕ್ಟರಮ್ಮ ಎಂಥಾ ಮಹಾತಾಯಿ! ಮೇಣದ ಬತ್ತಿ ಹಚ್ಚಿ, ದೂರ ಹಿಡಿದು, "ಊದಿ" ಅಂದರು. ಊದೋದೇ ಕಸುಬಾದವನು ನಾನು, ದೀಪ ಅಲುಗಿತು ಅಷ್ಟೆ. ತೋಳಿನಿಂದ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ನಿಲ್ಲಿಸಿದರು. ಕೆಂಪೆಲ್ಲ ತಳಕ್ಕಿಳಿದ ಮೇಲೆ, ಮೇಲೆ ನಿಂತದ್ದು ನೀರುಮಜ್ಜಿಗೆಯ ಹಾಗೆ ಬೆಳ್ಳಗಿತ್ತು.

"ನೋಡಿ, ನಿಮ್ಮ ರಕ್ತದಲ್ಲೂ ಕೊಬ್ಬು ತೇಲ್ತಿದೆ. ಶ್ವಾಸಕೋಶ ಕೆಟ್ಟಿಲ್ಲ. ಎದೆ, ಹೊಟ್ಟೆಯ ಕೊಬ್ಬು ಅದನ್ನ ಅರಳೋಕೆ ಬಿಡ್ತಿಲ್ಲ. ಮೈ ಇಳಿಸಿ, ಉಸಿರು ಬರುತ್ತೆ" ಅಂದರು.

ಮನೆಗೆ ಬಂದರೆ ನನಗೆ ಬೇರೆ ಚಿಂತೆ. "ಮೈ ಇಳಿದ್ರೆ ತುಲಾಭಾರದ ಬೆಲ್ಲ ಕಮ್ಮಿ ಆಗುತ್ತಲ್ಲೇ! ಹರಕೆ ಹೊತ್ತಾಗಿನ ತೂಕ ಕೊಡ್ದೇ ದೇವರಿಗೆ ಮೋಸ ಮಾಡ್ಲಾ?"

"ಹಂಗಾದ್ರೆ ಈಗಲೇ ತೂಗಿಸ್ಕೊಳ್ಳಿ."

"ವಾಸಿ ಆಗ್ದೇ ಹರಕೆ ಒಪ್ಪಿಸ್ತಾರೇನೇ?"

ಈ ಹಟದಲ್ಲಿ ಬೇಸಿಗೆಯೆಲ್ಲಾ ಮೊದಲಿನ ಹಾಗೇ ಉಂಡೆ. ಕಾಲು ಬಾತುಕೊಂಡಿತು. ಒಂದು ಬೆಳಗ್ಗೆ ಬಾವಿಕಟ್ಟೆ ಹತ್ತಿರ ಉಸಿರು ಸಿಗದೆ ಬಿದ್ದೆ. ಚೆಂಗಮ್ಮನಿಗೆ ರೇಗಿಹೋಯಿತು. "ನಿಮ್ಮ ಮಾಂಸ ತೂಕ ಹಾಕೋಕೆ ದೇವರೇನು ಕಸಾಯಿಯೇನ್ರೀ? ಏಳಿ, ಅವನನ್ನೇ ಕೇಳೋಣ" ಅಂತ ಗುಡಿಗೆ ಎಳಕೊಂಡು ಹೋದಳು.

ಅರ್ಚಕರು ಸ್ವಾಮಿಯ ಎರಡು ಭುಜಕ್ಕೂ ಸಂಪಿಗೆ ಏರಿಸಿ, "ಇವನು ಮೈ ಇಳಿಸಿಕೊಂಡು ಬಂದು ತೂಗಿದರೆ ನಿನಗೆ ಒಪ್ಪಿಗೆಯಾದರೆ, ಬಲಗಡೆ ಪ್ರಸಾದ ಕೊಡು" ಅಂತ ಕೇಳಿದರು. ಮಾತು ಮುಗಿಯೋದೇ ತಡ, ಬಲಭುಜದ ಹೂವು ಜಾರಿ ಬಿತ್ತು! ನಾನು ಮಗುವಿನ ಹಾಗೆ ಗೋಳೋ ಅಂತ ಅತ್ತುಬಿಟ್ಟೆ.

ಅವತ್ತಿನಿಂದ ಚಿಕ್ಕ ಮುದ್ದೆ, ಸೊಪ್ಪಿನ ಸಾರು. ತುಪ್ಪ ಬಂದ್. ಬೆಳಗ್ಗೆ ಸಂಜೆ ಕೆರೆ ಏರಿ ಮೇಲೆ ನಡಿಗೆ. ಮೊದಮೊದಲು ನಾಲ್ಕು ಹೆಜ್ಜೆಗೆ ಕೂತುಬಿಡುತ್ತಿದ್ದೆ, ಸ್ವಾಮಿಯ ಹೆಸರು ಹೇಳಿಕೊಂಡು ಏಳುತ್ತಿದ್ದೆ. ಮರುವರ್ಷ ಕೋಲಾರಕ್ಕೆ ಹೋದಾಗ ರಕ್ತದ ಮೇಲೆ ಆ ಬಿಳುಪು ಇರಲಿಲ್ಲ. ಕೈ ಮುಗಿಯೋಕೆ ಹೋದರೆ ಡಾಕ್ಟರಮ್ಮ ಬಿಡಲಿಲ್ಲ, "ನಡೀತಾ ಇರಿ" ಅಂದರು.

ಮಾಘದಲ್ಲಿ ತುಲಾಭಾರ ಮಾಡಿಸಿದೆ. ಹಳೇ ತೂಕದ ಲೆಕ್ಕಕ್ಕೆ ತಂದ ಬೆಲ್ಲ ಇನ್ನೂ ಉಳಿದಿರುವಾಗಲೇ ನನ್ನ ತಟ್ಟೆ ಮೇಲೆದ್ದಿತು. ಅರ್ಚಕರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಾಗಸ್ವರ ಎತ್ತಿಕೊಂಡು ಸ್ವಾಮಿಯ ಮುಂದೆ ತೋಡಿ ರಾಗ ಊದಿದೆ.

ಕಾಯಿಲೆ ಬಂದಾಗಿನಿಂದ ನಾನು ಊದಲು ಕೂತರೆ ಚೆಂಗಮ್ಮ ನನ್ನ ಎದೆಯನ್ನೇ ದಿಟ್ಟಿಸುತ್ತಿದ್ದಳು. ಅವತ್ತು ನನ್ನ ಕಡೆ ತಿರುಗಲೂ ಇಲ್ಲ. ಕಣ್ಣು ಮುಚ್ಚಿ, ತಲೆದೂಗುತ್ತಾ, ಕೊನೆವರೆಗೂ ರಾಗ ಕೇಳಿದಳು.