ಎಂಜಿನ್ನಿಗೆ ನಾನು ಸುರಿದ ಎಣ್ಣೆ

ಆಗ ಮುಂಬಯಿ ಪಕ್ಕದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ನಮ್ಮ ಬಿಲ್ಡಿಂಗಿನಲ್ಲಿ ಕಾರು ಇದ್ದದ್ದು ಮೂರೇ ಮನೆಗೆ. ನಮ್ಮದು ಸೆಕೆಂಡ್ ಹ್ಯಾಂಡ್. ಫ್ಯಾಕ್ಟರಿಗಳ ಕಮಟು ಗಾಳಿಯಲ್ಲೂ ಅದರ ಪೆಟ್ರೋಲಿನ ವಾಸನೆ ನನಗೆ ಪರಿಮಳ. ಎಂಟು ವರ್ಷದ ನಾನು, ಅಪ್ಪ ಬಾನೆಟ್ ಎತ್ತಿದರೆ ಸಾಕು, ಲಗೋರಿ ಬಿಟ್ಟು ಓಡುತ್ತಿದ್ದೆ.

ಆ ಶನಿವಾರ ಶಿವಪ್ಪ ಮಾಮ ಎಂಜಿನ್ ಎಣ್ಣೆ ಬದಲಿಸಿದ್ದರು. ವಿಜಾಪುರದ ಕಡೆಯವರು, ಬೀದಿಯ ತುದಿಯಲ್ಲಿ ಅವರ ಗ್ಯಾರೇಜು. ಇನ್ನೂ ಒಂದು ಲೀಟರಿನಷ್ಟು ಉಳಿದದ್ದನ್ನು ಡಬ್ಬಿಸಮೇತ ನಮಗೇ ಕೊಟ್ಟಿದ್ದರು. ಮರುದಿನ ಸೀವುಡ್ಸಿನಲ್ಲಿ ಚಿಕ್ಕಮ್ಮನ ಸೀಮಂತ. ಬೆಳಿಗ್ಗೆ ಅಪ್ಪ ರೇಡಿಯೇಟರಿಗೆ ನೀರು ಹಾಕಿ, ಬಾನೆಟ್ ತೆರೆದಿಟ್ಟೇ ಸ್ನಾನಕ್ಕೆ ಹೋದರು.

ಪಕ್ಕದ ಮನೆಯ ಮರಾಠಿ ಕಾಕೂ ಅಮ್ಮನಿಗೆ ಉಪ್ಪಿನಕಾಯಿ ಕಲಿಸುತ್ತಾ, ಎಣ್ಣೆ ಹೋಳುಗಳ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂದಿದ್ದು ನನ್ನ ತಲೆಯಲ್ಲಿತ್ತು. ಎಂಜಿನ್ನೂ ಕೆಡಬಾರದಲ್ಲ! ಎಂಜಿನ್ನಿನ ಎಣ್ಣೆಮುಚ್ಚಳ ತಿರುಗಿಸಿ, ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದೆ.

ಶೀಳ್‌ಫಾಟಾ ಜಂಕ್ಷನ್ ದಾಟುವುದರೊಳಗೆ ಕಾರಿನ ಹಿಂದಿನಿಂದ ನೀಲಿ ಹೊಗೆ. ರೇಷ್ಮೆ ಸೀರೆಯ ಅಮ್ಮ ಮೂಗು ಮುಚ್ಚಿಕೊಂಡಳು. ಅಪ್ಪ ಬದಿಗೆ ನಿಲ್ಲಿಸಿ, ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದವರೇ ಫೋನಿನಲ್ಲಿ ಕಿರುಚಿದರು: "ಶಿವಪ್ಪ, ಎಷ್ಟು ಎಣ್ಣೆ ಹಾಕಿದ್ದು ಮಾರಾಯ? ಎಂಜಿನ್ ಹಾಳು ಮಾಡಿದಿಯಲ್ಲ! ಇನ್ನು ನಿನ್ನ ಗ್ಯಾರೇಜಿಗೆ ಕಾಲಿಡುವುದಿಲ್ಲ!"

ಅರ್ಧ ಗಂಟೆಯಲ್ಲಿ ಮಾಮ ಸ್ಕೂಟರಿನಲ್ಲಿ ಬಂದರು. ಕಡ್ಡಿ ಒರೆಸಿ, ಅದ್ದಿ, ನೋಡಿದರು. ಮುಖ ಬಾಡಿತು. "ನಾ ಗುರುತಿನ ಮಟಾನೇ ಹಾಕಿದ್ನಿರಿ. ಇದು ಹೆಂಗ್ ಹೆಚ್ಚಾತೋ..."

ಅಮ್ಮನ ಸೆರಗು ಹಿಡಿದುಕೊಂಡೆ. "ನಾನು ಹಾಕಿದ್ದು," ಎಂದೆ. "ಉಪ್ಪಿನಕಾಯಿಗೆ ಹಾಕಿದ ಹಾಗೆ."

ಅಪ್ಪನ ಕೈ ಮೇಲೆದ್ದಿತು. ಮಾಮ ನಡುವೆ ಬಂದರು. "ತಡೀರಿ ಸರ, ಮೊದಲ ತೋರಿಸ್ತೀನಿ. ಬಾ ತಂಗಿ."

ಎಂಜಿನ್ ಸ್ವಲ್ಪ ತಣಿದ ಮೇಲೆ ಅವರು ಕಾರಿನಡಿ ಮಲಗಿ ಬೋಲ್ಟು ಸಡಿಲಿಸಿದರು. ತಟ್ಟೆಗೆ ಎಣ್ಣೆ ಬಿತ್ತು, ಗುಳ್ಳೆಗುಳ್ಳೆಯಾಗಿ.

"ಒಳಗ ಒಂದು ದಂಡ ತಿರಗತದ. ಎಣ್ಣಿ ಹೆಚ್ಚಾದ್ರ ಅದು ಮಜ್ಜಿಗಿ ಕಡದಂಗ ಕಡೀತದ. ನೊರಿ ಆದ ಎಣ್ಣಿ ಎಂಜಿನ್ ಕಾಯಂಗಿಲ್ಲ."

"ಹೊಗೆ ಯಾಕೆ ಬಂತು?"

"ಹೆಚ್ಚಾದದ್ದು ಪೆಟ್ರೋಲ್ ಸುಡೋ ಜಾಗಕ್ಕ ನುಗ್ಗಿ ಸುಟ್ಟದ."

ನನ್ನ ಹೆದರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಗುಳ್ಳೆ ಒಡೆಯುವುದನ್ನು ನೋಡುತ್ತಾ ಕೂತೆ. ತಲೆಯೆತ್ತಿದಾಗ ಅಪ್ಪ, ತಮಗಿಂತ ಹತ್ತು ವರ್ಷ ಚಿಕ್ಕವರಾದ ಮಾಮನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ತಪ್ಪಾಯ್ತು ಶಿವಪ್ಪನವರೇ. ಕೇಳದೆ ಬೈದೆ." ಆ 'ಅವರೇ' ಅಂದಿನಿಂದ ಅಪ್ಪನ ಬಾಯಲ್ಲಿ ಕೊನೆಯವರೆಗೂ ಉಳಿಯಿತು.

ಸೀಮಂತ ಮುಗಿದು ಎಲೆ ಎತ್ತುವ ಹೊತ್ತಿಗೆ ನಾವು ಮುಟ್ಟಿದೆವು.

ಗ್ಯಾರೇಜಿದ್ದ ಜಾಗದಲ್ಲಿ ಈಗ ಇಪ್ಪತ್ತು ಮಾಳಿಗೆಯ ಕಟ್ಟಡ. ಮಾಮ ಊರಿಗೆ ಹೋದರಂತೆ, ಅಪ್ಪ ಇಲ್ಲ. ಘಣಸೋಲಿಯಲ್ಲಿರುವ ನಾನು ಕಾರನ್ನು ಸರ್ವಿಸ್ ಸೆಂಟರಿಗೆ ಬಿಟ್ಟು, ಗಾಜಿನ ಈಚೆ ಸೋಫಾದಲ್ಲಿ ಕೂರುತ್ತೇನೆ. ಕೆಲಸ ಮುಗಿದರೆ ಮೊಬೈಲಿಗೆ ಸಂದೇಶ ಬರುತ್ತದೆ. "ಒಳಗೆ ಏನು ಮಾಡ್ತಾರಮ್ಮಾ?" ಎಂದು ಮಗಳು ಗಾಜಿಗೆ ಮೂಗೊತ್ತುತ್ತಾಳೆ. ಅವಳನ್ನು ಕರೆದು ತೋರಿಸಿ ಎನ್ನಲು, ಒಳಗೆ ಕೆಲಸ ಮಾಡುವವರ ಹೆಸರೂ ನನಗೆ ಗೊತ್ತಿಲ್ಲ.