ಹಾಸುಬಟ್ಟೆಗಳ ನಡುವೆ ಒಂದು ತಾಳ, ಒಂಬತ್ತು ಕಂಠ

ಬೆಳಗಿನ ನಾಲ್ಕೂವರೆ. ಗಲ್ಫಿನ ಜಹ್ರಾ ಪಟ್ಟಣದ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರಗಳು ಇನ್ನೂ ತಿರುಗಿಲ್ಲ. ಸಾಲಾಗಿ ತೂಗುವ ಬಿಳಿ ಹಾಸುಬಟ್ಟೆಗಳ ನಡುವೆ ಡ್ರೈವರ್ ಅಫ್ಸಲ್ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದಾನೆ. ಎದುರಿಗೆ ಮೈಕ್ ಹಿಡಿದ ಐವತ್ಮೂರರ ಗರ್ಟ್ರೂಡ್.

“ಬಾಯಮ್ಮಾ, ಇಲ್ಲಿ ನಿಂತ್ರೆ ಹೆಣಕ್ಕೆ ಕಫನ್ ಸುತ್ತಿದ ಹಾಗೆ ಆಗ್ತದೆ.”

“ಬಾಯಿ ಮುಚ್ಚು ಮಾರಾಯ. ಅಲ್ಲ, ತೆರಿ. ಹಾಡಲಿಕ್ಕೆ ಬಂದವ ನೀನು.”

ದಿನಕ್ಕೆ ನಾನೂರು ಹಾಸುಬಟ್ಟೆ ಒಗೆದು ಮಡಚುವ ಈ ಕೆಲಸಕ್ಕೆ ಗರ್ಟ್ರೂಡ್ ಸೇರಿ ಹತ್ತೊಂಬತ್ತು ವರ್ಷ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ, ಇಲ್ಲಿ ಹಾಡು ಶುದ್ಧವಾಗಿ ರೆಕಾರ್ಡ್ ಆಗುತ್ತದೆ ಎಂದು ಕಂಡುಕೊಂಡವರೂ ಅವರೇ. ಜಮೈಕಾದ ರೆಗೆ ಸಂಗೀತದಲ್ಲಿ ಒಂದು ಪದ್ಧತಿಯಿದೆ. ವಾದ್ಯಗಳ ಹಿನ್ನೆಲೆ ಒಂದೇ. ಅದರ ಮೇಲೆ ಬೇರೆ ಬೇರೆ ಗಾಯಕರು ತಮ್ಮ ತಮ್ಮ ಹಾಡು ಹಾಡುತ್ತಾರೆ. ಹಡಗಿನಲ್ಲಿ ದುಡಿದು ಬಂದು ಇಲ್ಲೇ ಇಸ್ತ್ರಿಗೆ ನಿಂತ ಮಲ್ಪೆಯ ಪುರಂದರ ಇದನ್ನು ಅವರಿಗೆ ಕಲಿಸಿದ. ಡ್ರಮ್ಮು ಅವನದು, ಬೇಸ್ ಗಿಟಾರ್ ಗರ್ಟ್ರೂಡ್ ಅವರದು. ಮಾರ್ಚಿನಲ್ಲಿ ಅವನು ನಿದ್ದೆಯಲ್ಲೇ ತೀರಿಕೊಂಡ. ಉಳಿದಿರುವುದು ಇಬ್ಬರೂ ಸೇರಿ ಬಾರಿಸಿದ ಮೂರೂವರೆ ನಿಮಿಷದ ಈ ಒಂದು ರೆಕಾರ್ಡಿಂಗ್ ಮಾತ್ರ. ಅದರ ಮೇಲೆಯೇ ಒಂಬತ್ತು ಮಂದಿ ಒಬ್ಬೊಬ್ಬರಾಗಿ ಹಾಡಬೇಕು.

ಅಫ್ಸಲ್ ಒಂಬತ್ತನೆಯವನು. ಕೊಂಕಣಿ, ತುಳು, ಕನ್ನಡ, ಸಿಂಹಳ ಹಾಡಿದ ಉಳಿದ ಎಂಟು ಮಂದಿಯನ್ನು ಅವನು ನೋಡಿಯೂ ಇಲ್ಲ. ಬ್ಯಾರಿ ಭಾಷೆಯಲ್ಲಿ ಹಾಡುತ್ತಿದ್ದವನು ಎರಡನೇ ಚರಣದ ಮಧ್ಯೆ ಫಕ್ಕನೆ ನಿಲ್ಲುತ್ತಾನೆ. ನಾಲ್ಕು ಪೆಟ್ಟಿನಷ್ಟು ಹೊತ್ತು ಕಾದು ಮುಂದುವರಿಯುತ್ತಾನೆ. ಆ ಎಂಟು ಮಂದಿ ಹಾಡು ನಿಲ್ಲಿಸಿದ್ದೂ ಅಲ್ಲೇ.

“ಯಾಕೆ ನಿಲ್ಲಿಸಿದ್ದು?”

“ಯಾರೋ ಎಣಿಸಿದ್ರಲ್ಲ ಬಾಯಮ್ಮಾ. ಒಂಜಿ, ರಡ್ಡ್, ಮೂಜಿ... ನಾಲ್ ಹೇಳಲೇ ಇಲ್ಲ.”

ಪುರಂದರ ತುಳುವಿನಲ್ಲಿ ಎಣಿಸುತ್ತಿದ್ದದ್ದು ಹಾಗೆಯೇ. ಮೂರು ಬಾಯಲ್ಲಿ, ನಾಲ್ಕನೆಯದು ಡ್ರಮ್ಮಿನ ಮೇಲೆ. ಆದರೆ ಎಣಿಸುತ್ತಿದ್ದದ್ದು ಶುರುವಿನಲ್ಲಿ ಮಾತ್ರ. ಆ ರೆಕಾರ್ಡಿಂಗನ್ನು ಗರ್ಟ್ರೂಡ್ ಇಪ್ಪತ್ತು ಸಲ ಕೇಳಿದ್ದಾರೆ, ಮಧ್ಯೆ ಯಾವ ದನಿಯೂ ಇಲ್ಲ. ತುಳುವಿನ ಗಂಧವೂ ಇಲ್ಲದ, ಸಿಂಹಳದಲ್ಲಿ ಹಾಡಿದ ನರ್ಸ್ ಕೂಡ ಅದೇ ಮೂರು ಶಬ್ದ ಉಚ್ಚರಿಸಿ, “ಅಂದರೆ ಏನು?” ಎಂದು ಕೇಳಿದ್ದಳು.

ಈ ಹಾಡುಗಳನ್ನು ಆಲ್ಬಮ್ ಆಗಿ ಜೋಡಿಸುತ್ತಿರುವವನು ಚರ್ಚಿನ ಗಾಯನ ತಂಡದ ಹರ್ಬರ್ಟ್. ಮೂಲೆಯ ಬಟ್ಟೆಗಂಟಿನ ಮೇಲೆ ಕುಳಿತಿದ್ದವನು ಎದ್ದು ಬರುತ್ತಾನೆ. “ಒಂಬತ್ತು ಹಾಡೂ ಒಂದೇ ಕಡೆ ತುಂಡಾಗಿವೆ ಬಾಯೆ. ಪುರಂದರನ ಡ್ರಮ್ ತೆಗೆದು ಮಷಿನ್ ಡ್ರಮ್ ಹಾಕುವ, ಎಲ್ಲರೂ ಇನ್ನೊಮ್ಮೆ ಹಾಡಲಿ. ಇಲ್ಲದಿದ್ರೆ ನನ್ನನ್ನು ಬಿಟ್ಟುಬಿಡಿ.”

ತೆಗೆದರೆ ಪುರಂದರನ ಕೈಯ ಸದ್ದು ಲೋಕದಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಗರ್ಟ್ರೂಡ್ ಅಫ್ಸಲ್‌ನತ್ತ ಕೈ ಚಾಚುತ್ತಾರೆ. ಹೆಡ್‌ಫೋನ್ ಇಸಿದುಕೊಂಡು ಹರ್ಬರ್ಟ್‌ನ ಕೈಗೆ ಕೊಡುತ್ತಾರೆ. “ನೀನೊಮ್ಮೆ ಹಾಡು. ನಿಲ್ಲಿಸದೆ ಹಾಡಿದ್ರೆ ಡ್ರಮ್ ತೆಗಿ.”

ಹರ್ಬರ್ಟ್ ನಗುತ್ತಲೇ ಶುರು ಮಾಡುತ್ತಾನೆ. ಎರಡನೇ ಚರಣದ ಮಧ್ಯೆ ಅವನ ದನಿ ನಿಲ್ಲುತ್ತದೆ. ಎಸಿ ಬಂದ್ ಆಗಿದೆ. ಆದರೂ ಅವನ ಹಿಂದಿನ ಹಾಸುಬಟ್ಟೆ ಮಾತ್ರ ಒಳಗಿನಿಂದ ಯಾರೋ ಉಸಿರೆಳೆದಂತೆ ಸ್ವಲ್ಪ ಒಳಕ್ಕೆ ಸರಿದು ಮತ್ತೆ ನೆಟ್ಟಗಾಗುತ್ತದೆ. ಅವನು ಹೆಡ್‌ಫೋನನ್ನು ಮೆಲ್ಲಗೆ ತೆಗೆದಿಡುತ್ತಾನೆ.

“ಮಷಿನ್ ಬೇಡ ಬಾಯೆ.”

ಆರಕ್ಕೆ ಯಂತ್ರಗಳು ತಿರುಗಬೇಕು. ಅಂಗಿಯ ತೋಳು ಮಡಚಿಕೊಳ್ಳುತ್ತಾ ಗರ್ಟ್ರೂಡ್ ಒಂದೇ ಒಂದು ಆಸೆ ಹೇಳುತ್ತಾರೆ: “ಆಲ್ಬಮ್ಮಿನ ಕವರಿನಲ್ಲಿ ಪುರಂದರನ ಹೆಸರು ಮೇಲೆ ಹಾಕು. ನನ್ನದು ಕೆಳಗೆ, ಸಣ್ಣಕ್ಕೆ. ಇಷ್ಟು ವರ್ಷ ಅವನೊಟ್ಟಿಗೆ ಬಾರಿಸಿದ್ದೇನೆ. ಅವನ ತಾಳ ತಪ್ಪಿದ್ದು ನಾನು ಕೇಳಿಲ್ಲ. ಸತ್ತ ಮೇಲೂ.”